ಅರ್ಧ ಬಂಡೆ ಹತ್ತಿದ ಸೆಕ್ರೆಟರಿ

ವಯಸ್ಸು, ಸಂಬಳ, ಮಕ್ಕಳ ಮಾರ್ಕ್ಸು – ಈ ಮೂರರಲ್ಲಿ ಮನುಷ್ಯರು ಅನಾದಿಯಿಂದ ಸುಳ್ಳು ಹೇಳಿಕೊಂಡು ಬಂದಿದ್ದಾರೆ. ಅದರಿಂದ ಯಾರಿಗೂ ಅಂಥ ಅಪಾಯವಿಲ್ಲ. ಕೇಳುವವರೂ ತಮಗೆ ತೋಚಿದಷ್ಟು ಕಳೆದೇ ನಂಬುತ್ತಾರೆ. ಆದರೆ ತೂಕದ ವಿಷಯದಲ್ಲಿ ಸುಳ್ಳು ಹೇಳಬಾರದು. ಅದರಲ್ಲೂ ಗಂಡ ಹೆಂಡತಿ ಇಬ್ಬರೂ ಒಂದೇ ದಿನ, ಒಂದೇ ಹಗ್ಗದ ಎರಡು ತುದಿಯಲ್ಲಿ ನಿಂತು ಖಂಡಿತ ಹೇಳಬಾರದು. ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ, ನೆಲದಿಂದ ಎರಡಾಳೆತ್ತರದಲ್ಲಿ ನೇತಾಡುತ್ತ ಕಲಿತದ್ದು.

ನಾನು ನಮ್ಮೂರ ಹಾಲಿನ ಡೇರಿಯ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಊರವರ ಹಾಲು ತೂಗಿ, ಫ್ಯಾಟು ನೋಡುವುದು ನನ್ನ ಕೆಲಸ. ನೀರು ಬೆರೆಸಿದವರನ್ನು ಹಾಲು ನೋಡುವ ಮೊದಲು ಮುಖ ನೋಡಿಯೇ ಹಿಡಿಯುತ್ತೇನೆಂಬ ಹೆಸರೂ ಇದೆ. ಇಷ್ಟು ಫ್ಯಾಟು ಅಳೆಯುವವನ ಮೈಮೇಲೆ ಒಂದಿಷ್ಟಾದರೂ ಫ್ಯಾಟು ಇಡಬೇಕೆಂದು ಮಾತ್ರ ದೇವರಿಗೆ ಹೊಳೆಯಲಿಲ್ಲ. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹಾಕದೆ ನನ್ನ ಯಾವ ಪ್ಯಾಂಟೂ ಸೊಂಟದ ಮೇಲೆ ನಿಂತದ್ದಿಲ್ಲ. ಕುರಿ ಸಾಕುವ ಪಕ್ಕದ ಮನೆಯ ಕೆಂಪಣ್ಣ ತನ್ನ ಹಸುವಿನ ಹಾಲಿಗೆ ರೇಟು ಕಮ್ಮಿ ಬಂದ ದಿನವೆಲ್ಲ ಇದನ್ನೇ ಎತ್ತಿಕೊಂಡು, ನಿನ್ನನ್ನು ಟೆಸ್ಟಿಗಿಟ್ಟರೆ ಫ್ಯಾಟೇ ಇಲ್ಲವೆಂದು ವಾಪಸ್ಸು ಕಳಿಸುತ್ತಾರೆ ಎಂದು ಸಾಲಿನಲ್ಲಿ ನಿಂತವರನ್ನೆಲ್ಲ ನಗಿಸುತ್ತಾನೆ. ನನ್ನ ಹೆಂಡತಿ ಮಾದೇವಿಯದು ಬೇರೆಯೇ ಮೈಕಟ್ಟು. ತುಂಬಿದ ಹಾಲಿನ ಕ್ಯಾನನ್ನು ಮಾತಾಡುತ್ತಲೇ ಎತ್ತಿ ಗಾಡಿಗಿಡುವವಳು. ನಮ್ಮ ಮದುವೆಯ ಫೋಟೋ ನೋಡಿದವರಿಗೆ ಯಾರು ಯಾರ ಕೈ ಹಿಡಿದು ಕಾಪಾಡಿದ್ದಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮೂರಿನ ಹಿಂದೆ ಒಂದು ಬಂಡೆಯಿದೆ. ಮಲಗಿದ ಬಸವನ ಡುಬ್ಬದಂತೆ ಕಾಣುವುದರಿಂದ ಅದಕ್ಕೆ ಡುಬ್ಬದ ಬಂಡೆಯೆಂದೇ ಹೆಸರು. ರಾಮನಗರದ ಬೆಟ್ಟಗಳಿಗೇನು, ಜನ ಹೆದ್ದಾರಿಯಲ್ಲೇ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಮಾಗಡಿ ಕಡೆಯ ಬೆಟ್ಟಕ್ಕೂ ಹೆಸರುಂಟು. ನಮ್ಮದನ್ನು ನೋಡಬೇಕಾದರೆ ಸಾತನೂರು ದಾಟಿ, ಉಯ್ಯಂಬಳ್ಳಿ ಬಸ್ಸಿನಲ್ಲಿ ನಡುದಾರಿಯಲ್ಲಿ ಇಳಿದು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದು, ಲಂಟಾನದ ಮುಳ್ಳಿಗೆ ಒಂದಿಷ್ಟು ಬಟ್ಟೆ ಕೊಟ್ಟು ಹೋಗಬೇಕು. ಸಂಜೆ ಕಾಡಿನಿಂದ ಆನೆ ಇಳಿಯುವ ಹೊತ್ತಿಗೆ ವಾಪಸ್ಸು ಬಂದಿರಬೇಕು. ಇಷ್ಟೆಲ್ಲ ಪಟ್ಟರೂ ನೋಡಲು ಸಿಗುವುದು ಒಂದು ಪುಟ್ಟ ಬಂಡೆ. ಆದರೆ ನಮ್ಮದು. ಅದರ ನಡುವಿನಲ್ಲಿ ಉಂಡು ಕೂತವರ ಹೊಟ್ಟೆಯಂತೆ ಮುಂದಕ್ಕೆ ಉಬ್ಬಿದ ಭಾಗವೊಂದಿದೆ. ಅದನ್ನು ನಾವು ಹೊಟ್ಟೆಯೆಂದೇ ಕರೆಯುತ್ತೇವೆ.

ಈ ಬಂಡೆಯನ್ನು ಹುಡುಕಿಕೊಂಡು ರಾಮನಗರದಿಂದ ನಸ್ರೀನ್ ಎಂಬ ಹುಡುಗಿ ಭಾನುವಾರಗಳಂದು ನಾಲ್ಕಾರು ಜನರೊಂದಿಗೆ ಬರತೊಡಗಿದಳು. ಅವಳ ಮನೆಯವರು ರೇಷ್ಮೆ ನೂಲು ತೆಗೆಯುವವರು, ಅವಳು ಹಗ್ಗ ಕಟ್ಟಿ ಬಂಡೆ ಹತ್ತುವುದನ್ನು ಕಲಿಸುವವಳು. ಅವರಿಗೆ ಮುದ್ದೆ, ಹುರುಳಿಕಾಳಿನ ಸಾರು ಮಾಡಿ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದವಳು ಮಾದೇವಿ. ಒಂದು ದಿನ ನಸ್ರೀನ್ ತಮಾಷೆಗೆ, ನೀವೂ ಒಂದು ಕೈ ನೋಡ್ತೀರಾ ಅಕ್ಕ ಎಂದಳಂತೆ. ಇವಳು ಬುಟ್ಟಿ ಇಳಿಸಿ, ಸೆರಗು ಬಿಗಿದು, ಹೊಟ್ಟೆಯವರೆಗೆ ಹತ್ತಿಯೇಬಿಟ್ಟಳು. ಡೇರಿಯಲ್ಲಿದ್ದ ನನಗೆ ಸುದ್ದಿ ತಂದವನು ಕೆಂಪಣ್ಣ. ನಾನು ಓಡಿಹೋಗಿ ನೋಡುವಷ್ಟರಲ್ಲಿ ಅವಳು ಕೆಳಗಿಳಿದು ಎಲ್ಲರಿಗೂ ಸಾರು ಬಡಿಸುತ್ತಿದ್ದಳು.

ಅಲ್ಲಿಂದ ನಮ್ಮ ಮನೆಯ ಕಷ್ಟ ಶುರುವಾಯಿತು. ಮೊದಲೆಲ್ಲ ಅಟ್ಟದ ಮೇಲಿನ ಡಬ್ಬ ಇಳಿಸುವುದಕ್ಕಾದರೂ ನಾನು ಬೇಕಾಗಿದ್ದೆ. ಈಗ ಅವಳು ಕಿಟಕಿಯ ಸರಳಿಗೆ ಕಾಲಿಟ್ಟು ತಾನೇ ಹೋಗಿ ತರುತ್ತಾಳೆ. ಬಾಗಿಲ ಮೇಲಿನ ಅಡ್ಡಪಟ್ಟಿಗೆ ಬೆರಳು ಕೊಟ್ಟು ನೇತಾಡುತ್ತ, ಒಲೆಯ ಮೇಲಿನ ಹಾಲು ನೋಡಿಕೊಳ್ಳಿ ಎಂದು ನನಗೆ ಹೇಳುತ್ತಾಳೆ. ಸೀರೆಯ ಬದಲು ಮಗಳ ಟ್ರ್ಯಾಕ್ ಪ್ಯಾಂಟು ಬಂತು. ಇಷ್ಟೆಲ್ಲ ಆದರೂ ಬಂಡೆಯ ಹೊಟ್ಟೆ ಮಾತ್ರ ದಾಟಲಾಗಲಿಲ್ಲ. ಪ್ರತಿ ಭಾನುವಾರ ಅಲ್ಲಿಯವರೆಗೆ ಹೋಗಿ ಇಳಿದುಬಿಡುತ್ತಿದ್ದಳು. ಆ ರಾತ್ರಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಕಡೆಗೊಂದು ದಿನ ಮುದ್ದೆ ತಿರುವುತ್ತ ಹೇಳಿದಳು: "ಹಗ್ಗ ಬ್ಯಾರೆಯವ್ರು ಹಿಡ್ಕಂಡ್ರೆ ನಂಗೆ ಹೊಟ್ಟೆ ತಾವ ಕೈ ಬುಡಕ್ಕೆ ಧೈರ್ಯ ಬರಕಿಲ್ಲ. ನೀವ್ ಹಿಡ್ಕಳಿ."

ಹಗ್ಗ ಹಿಡಿಯುವುದೆಂದರೆ ಇಷ್ಟೇ. ಹತ್ತುವವರ ಸೊಂಟಕ್ಕೆ ಕಟ್ಟಿದ ಹಗ್ಗ ಬಂಡೆಯ ತಲೆಯ ಮೇಲಿನ ಕೊಂಡಿಯಲ್ಲಿ ಹಾದು, ಕೆಳಗೆ ನಿಂತವನ ಸೊಂಟಕ್ಕೆ ಬರುತ್ತದೆ. ಅವರು ಹತ್ತಿದಂತೆಲ್ಲ ಇವನು ಹಗ್ಗ ಎಳೆದುಕೊಳ್ಳಬೇಕು. ಅವರು ಜಾರಿದರೆ ಬಿಗಿ ಹಿಡಿಯಬೇಕು. ಏನೇ ಆಗಲಿ, ಹಗ್ಗದಿಂದ ಕೈ ತೆಗೆಯಬಾರದು. ನಸ್ರೀನ್ ಎರಡು ಭಾನುವಾರ ನನಗೆ ಇದನ್ನೇ ಕಲಿಸಿದಳು. ಮೂರನೆಯ ಭಾನುವಾರ ಇಬ್ಬರ ತೂಕವನ್ನೂ ಕೇಳಿದಳು. ಹಿಡಿಯುವವರು ಹತ್ತುವವರಿಗಿಂತ ತೀರಾ ಹಗುರವಾಗಿದ್ದರೆ ಅವರನ್ನು ಮರಕ್ಕೆ ಕಟ್ಟಬೇಕಂತೆ. ಕೆಂಪಣ್ಣ ಕುರಿ ಬಿಟ್ಟು ಅಲ್ಲೇ ಕೂತಿದ್ದ, ಅರ್ಧ ಊರೇ ಬಂದು ನಿಂತಿತ್ತು. ಅಷ್ಟು ಜನರ ಮುಂದೆ ಕರುವಿನ ಹಾಗೆ ಕಟ್ಟಿಸಿಕೊಳ್ಳುವುದೇ? ಊರವರ ಹಾಲಿನಲ್ಲಿ ನೀರು ಹುಡುಕುವ ನಾನು ನನ್ನ ತೂಕಕ್ಕೆ ಧಾರಾಳವಾಗಿ ನೀರು ಬೆರೆಸಿ ಹೇಳಿದೆ. ಅದೇ ಹೊತ್ತಿಗೆ ಮಾದೇವಿ ತನ್ನ ತೂಕದಿಂದ ಕೆನೆಯನ್ನೆಲ್ಲ ತೆಗೆದು ಹೇಳಿದಳೆಂದು ನನಗೆ ಆಮೇಲೆ ತಿಳಿಯಿತು. ನಸ್ರೀನ್ ಪಾಪ, ನಮ್ಮಿಬ್ಬರನ್ನೂ ನಂಬಿದಳು. ಲೆಕ್ಕದಲ್ಲಿ ನಾವು ಸರಿಸಮ ಜೋಡಿ.

ಮಾದೇವಿ ಹೊಟ್ಟೆಯವರೆಗೆ ಸಲೀಸಾಗಿ ಹೋದಳು. ಅಲ್ಲಿ ಒಂದು ಕೈ ಬಿಟ್ಟು ಮೇಲಿನ ಸಂದಿಗೆ ಚಾಚಿದಳು. ಸಿಗಲಿಲ್ಲ. ಜಾರಿದಳು. ನಾನು ನಸ್ರೀನ್ ಕಲಿಸಿದ ಹಾಗೆಯೇ ಹಗ್ಗ ಬಿಗಿ ಹಿಡಿದೆ. ಮರುಕ್ಷಣ ನನ್ನ ಚಪ್ಪಲಿ ನೆಲದ ಮೇಲಿತ್ತು, ನಾನಿರಲಿಲ್ಲ. ಬಾವಿಯ ರಾಟೆಯಲ್ಲಿ ತುಂಬಿದ ಕೊಡ ಇಳಿದರೆ ಖಾಲಿ ಕೊಡ ಮೇಲೇರುವಂತೆ ಅವಳು ಕೆಳಗೆ ಬಂದಳು, ನಾನು ಮೇಲಕ್ಕೆ ಹೋದೆ. ನಡುವೆ ಒಂದು ಕಡೆ ಹಗ್ಗ ಬಂಡೆಗೆ ಉಜ್ಜಿ ತಡೆದಾಗ ಇಬ್ಬರೂ ಎದುರುಬದುರಾಗಿ ನಿಂತೆವು. ನಿಂತೆವು ಎನ್ನಬಾರದು, ತೂಗಾಡಿದೆವು. ಮದುವೆಯಾದ ಮೇಲೆ ಅಷ್ಟು ಹತ್ತಿರದಿಂದ, ಹಗಲು ಹೊತ್ತಿನಲ್ಲಿ, ಊರವರ ಮುಂದೆ ನಾವು ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ನಾನು ಎರಡೂ ಕೈಯಲ್ಲಿ ಹಗ್ಗ ಅವುಚಿ ಹಿಡಿದಿದ್ದೆ. ಅವಳು ಮಾತ್ರ ಮುಖದ ಮೇಲಿನ ಕೂದಲು ಸರಿಸಿಕೊಂಡು ಕೇಳಿದಳು: "ರೀ, ಗ್ಯಾಸ್ ಆಫ್ ಮಾಡ್ಬುಟ್ಟು ಬಂದ್ರಾ?"

ಜೊತೆಯವರು ಹಗ್ಗ ಹಿಡಿದು ನಮ್ಮನ್ನು ಕೆಳಗಿಳಿಸಿದ ಮೇಲೆ ನಸ್ರೀನ್ ಇಬ್ಬರನ್ನೂ ಚೆನ್ನಾಗಿ ಬೈದಳು. ತೂಕದ ಸುಳ್ಳಿನಿಂದ ಕೈಕಾಲು ಮುರಿಯಬಹುದಿತ್ತು ಎಂದಳು, ಅದು ನಿಜವೂ ಹೌದು. ತನ್ನ ಜೊತೆ ಬಂದಿದ್ದ ದಪ್ಪ ಮೈಯ ಹುಡುಗನೊಬ್ಬನನ್ನು ತೋರಿಸಿ, ಹಗ್ಗ ಇವನು ಹಿಡಿಯಲಿ ಅಕ್ಕ ಎಂದಳು. ನನಗೆ ಅಷ್ಟು ಹೊತ್ತು ಗಾಳಿಯಲ್ಲಿದ್ದಾಗ ಆಗದ ಸಂಕಟ ಆಗ ಆಯಿತು. ಇವಳ ಅಟ್ಟದ ಡಬ್ಬಕ್ಕೂ ನಾನು ಬೇಡವಾಗಿದ್ದೆ, ಇನ್ನು ಹಗ್ಗಕ್ಕೂ ಬೇಡವಾದರೆ ನಾನೇತಕ್ಕೆ? ಸೊಂಟದ ಪಟ್ಟಿ ಬಿಚ್ಚತೊಡಗಿದೆ. ಮಾದೇವಿ ನನ್ನ ಕೈ ತಡೆದಳು.

"ಬ್ಯಾಡ ಕಣವ್ವ, ಇವ್ರೇ ಇರ್ಲಿ," ಎಂದಳು ನಸ್ರೀನ್‌ಗೆ. "ಮ್ಯಾಲಕ್ಕೆ ಹೊಂಟೋದ್ರೂ ಹಗ್ಗ ಬುಡ್ನಿಲ್ಲ ನೋಡು. ಬೇಕಾದ್ರೆ ಮರಕ್ಕೆ ಕಟ್ಟಾಕು."

ಕಟ್ಟಿದರು. ಬಂಡೆಯ ಬುಡದ ಹುಣಸೆಮರಕ್ಕೆ, ಕರುವಿಗಿಂತ ಬಿಗಿಯಾಗಿಯೇ ಕಟ್ಟಿದರು. ಕೆಂಪಣ್ಣ ಒಂದು ಹಿಡಿ ಹಸಿರು ಹುಲ್ಲು ತಂದು ನನ್ನ ಮುಂದೆ ಹಾಕಿದ. ನಾನು ಅವನ ಕಡೆ ನೋಡಲಿಲ್ಲ. ನೋಡಲು ಪುರುಸೊತ್ತಿರಲಿಲ್ಲ, ಮಾದೇವಿ ಮತ್ತೆ ಹೊಟ್ಟೆಯ ಹತ್ತಿರ ತಲುಪಿದ್ದಳು. ಈ ಸಲ ಅವಳು ಕೆಳಗೆ ನೋಡಲೇ ಇಲ್ಲ. ಕೈ ಬಿಟ್ಟಳು, ಚಾಚಿದಳು, ಬೆರಳು ಸಂದಿಗೆ ಸಿಕ್ಕಿತು. ಕಾಲು ಒಂದು ಕ್ಷಣ ಗಾಳಿಯಲ್ಲಾಡಿತು. ಆಮೇಲೆ ಅವಳು ಅಟ್ಟಕ್ಕೆ ಹತ್ತುವಷ್ಟೇ ಸಲೀಸಾಗಿ ಹೊಟ್ಟೆಯ ಮೇಲೆ ಹೋಗಿ, ಡುಬ್ಬದ ನೆತ್ತಿಯಲ್ಲಿ ನಿಂತು ಎರಡೂ ಕೈ ಎತ್ತಿದಳು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಇಪ್ಪತ್ತು ವರ್ಷದಿಂದ ದಿನಾ ನೋಡುವ ಹೆಂಡತಿಯನ್ನು ತಲೆಯೆತ್ತಿ ನೋಡುತ್ತ ನನಗೆ ಕಣ್ಣು ತುಂಬಿ ಬಂತು. ಇವಳು ನನ್ನವಳು ಎಂದು ಕೂಗಬೇಕೆನಿಸಿತು. ನಿಜ ಹೇಳಬೇಕೆಂದರೆ, ನಾನು ಇವಳವನು ಎಂದು ಕೂಗಬೇಕೆನಿಸಿತು. ಆದರೆ ನನ್ನ ಎರಡೂ ಕೈ ಹಗ್ಗದ ಮೇಲಿದ್ದವು. ಅವಳನ್ನು ಮೆಲ್ಲಗೆ ಇಳಿಸಿಕೊಂಡೆ. ನೆಲ ಮುಟ್ಟಿದವಳು ನನ್ನ ಮುಖ ನೋಡಿದಳು. ಏನಾದರೂ ಘನವಾದದ್ದು ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಇಷ್ಟೇ: "ಗ್ಯಾಸ್ ಆಫ್ ಮಾಡೇ ಬಂದಿವ್ನಿ ಕಣಮ್ಮಿ."

ಮಾರನೆಯ ಬೆಳಿಗ್ಗೆ ಡೇರಿಯ ಸಾಲಿನಲ್ಲಿ ಬೇರೆ ಮಾತೇ ಇಲ್ಲ. ನಾನು ಹಾರಿದ್ದನ್ನು ಜನ ಆಗಲೇ ಮರೆತಿದ್ದರು. ಮರೆಯಬಾರದಿತ್ತು. ಬಂಡೆಯನ್ನು ಕೈಯಿಂದಲೂ ಮುಟ್ಟದೆ ಅರ್ಧ ಬಂಡೆ ಹತ್ತಿದವನು ಈ ಹೋಬಳಿಯಲ್ಲಿ ನಾನೊಬ್ಬನೇ. ಅವರಿಗೆ ನೆನಪಿದ್ದದ್ದು ಬೇರೆ. ಊರವರೆಲ್ಲ ತಟ್ಟಿದರೂ ಕಟ್ಟಿಕೊಂಡ ಗಂಡ ಒಂದು ಚಪ್ಪಾಳೆ ತಟ್ಟಲಿಲ್ಲ, ಹೆಂಡತಿ ಮೇಲೆ ಹೋದರೆ ಗಂಡಸಿಗೆ ಹೊಟ್ಟೆಕಿಚ್ಚು ಇದ್ದದ್ದೇ ಎಂದು ಹೆಂಗಸರು ನನಗೆ ಕೇಳುವಂತೆಯೇ ಮಾತಾಡಿಕೊಂಡರು. ಕೈ ಹಗ್ಗದ ಮೇಲಿತ್ತು ಎಂದು ಹೇಳೋಣವೆಂದರೆ, ನೀರು ಬೆರೆಸಿದವರು ಹೇಳುವ ನೆಪದಂತೆಯೇ ಕೇಳುತ್ತಿತ್ತು. ಮುಂದಿನವರ ಹಾಲು ತೂಗಿದೆ.

ಎಲ್ಲರೂ ಹೋದರು. ಹಾಲಿನ ಗಾಡಿಯೂ ಹೋಯಿತು. ನಾನು ಬಾಗಿಲು ಮುಂದಕ್ಕೆಳೆದು, ತಕ್ಕಡಿಯ ಮುಂದೆ ನಿಂತು, ನಿನ್ನೆಯಿಂದ ಅಂಗೈಯಲ್ಲೇ ಉಳಿದಿದ್ದ ಚಪ್ಪಾಳೆಯನ್ನೆಲ್ಲ ತಟ್ಟಿದೆ. ಅಂಗೈ ಕೆಂಪಾಗುವ ತನಕ, ಮನಸ್ಸು ತುಂಬುವ ತನಕ ತಟ್ಟಿದೆ. ನಿಲ್ಲಿಸಿ ತಿರುಗಿ ನೋಡಿದರೆ, ಮರೆತುಹೋದ ಕ್ಯಾನು ಒಯ್ಯಲು ಬಂದ ಕೆಂಪಣ್ಣ ಬಾಗಿಲ ಸಂದಿಯಲ್ಲಿ ನಿಂತಿದ್ದಾನೆ.

"ಏನ್ಲಾ ಸೆಕ್ರೆಟ್ರಿ," ಎಂದ, "ಸೊಳ್ಳೆ ಜಾಸ್ತಿನಾ?"

"ಹೂಂ ಕಣಣ್ಣ," ಎಂದೆ. "ಒಸಿ ಜಾಸ್ತಿನೇ."