ವಿಷಯ: ತಾವು ನನ್ನ ಅಳಿಯನನ್ನು ಬದಲಾಯಿಸಿರುವ ಬಗ್ಗೆ

ಬಾಬುರಾಯನಕೊಪ್ಪಲು,
ಶ್ರೀರಂಗಪಟ್ಟಣ ತಾಲ್ಲೂಕು.
3-5-1999

ಗೆ,
ಶ್ರೀಯುತ ಗಾಳಿಪಟ ಬ್ರೌಸರ್ ಅವರಿಗೆ,
ಕಂಪ್ಯೂಟರಿನ ಗಾಜಿನ ಹಿಂದೆ, ಎಡಗಡೆ ಮೂಲೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಾಲ್ಕು ತಾಲ್ಲೂಕಿನ ಜನ ಸಾರುತ್ತಿರುವುದರಿಂದ ಕ್ಷೇಮಸಮಾಚಾರ ಕೇಳುವ ತೊಂದರೆಯನ್ನು ನಾನು ತೆಗೆದುಕೊಂಡಿಲ್ಲ, ಮನ್ನಿಸಬೇಕು. ಇತ್ತ ನಾವು ಕ್ಷೇಮವಿಲ್ಲ. ಬರುವ ಭಾನುವಾರ, ಮೇ ಒಂಬತ್ತರಂದು, ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂಕಾಲರವರೆಗಿನ ಮಿಥುನ ಲಗ್ನದಲ್ಲಿ ನನ್ನ ಮಗಳು ಹೇಮಶ್ರೀಗೆ ಶ್ರೀರಂಗಪಟ್ಟಣದ ಛತ್ರದಲ್ಲಿ ಮದುವೆ. ಯಾರ ಜೊತೆ ಎಂಬುದನ್ನು ತಾವು ದಯಮಾಡಿ ನಮಗೇ ಬಿಟ್ಟುಕೊಡಬೇಕೆಂದು ಕೇಳಿಕೊಳ್ಳಲು ಈ ಪತ್ರ.

ನನ್ನ ಹೆಸರು ಚಿಕ್ಕಸ್ವಾಮಿ. ಶ್ರೀರಂಗಪಟ್ಟಣದ ಒಂದು ಅಚ್ಚುಕೂಟದಲ್ಲಿ ಮೂವತ್ತನಾಲ್ಕು ವರ್ಷ ಮೊಳೆ ಜೋಡಿಸಿದವನು, ಅಂದರೆ ಯಾರೋ ಗೀಚಿಕೊಟ್ಟ ಹಾಳೆಯನ್ನು ನೋಡಿಕೊಂಡು ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ತಿರುಗುಮುರುಗಾಗಿ ಜೋಡಿಸಿ, ಜನ ನೆಟ್ಟಗೆ ಓದುವ ಹಾಗೆ ಮಾಡಿದವನು. ಅಷ್ಟು ವರ್ಷದಲ್ಲಿ ನನ್ನಿಂದಾದ ದೊಡ್ಡ ತಪ್ಪು ಒಂದೇ: ಒಬ್ಬರ ತಿಥಿಯ ಕಾರ್ಡಿನ ಕೆಳಗೆ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಹೋಗಿಬಿಟ್ಟಿತ್ತು. ಅವರ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ತಪ್ಪಾಯಿತು ಎಂದು ಹೇಳಿ ಬಂದೆ. ತಾವು ಯಾರ ಮನೆ ಬಾಗಿಲಿಗೂ ಹೋಗುವ ಪೈಕಿಯಲ್ಲವೆಂದು ಕೇಳಿದ್ದೇನೆ, ಅಷ್ಟು ಎತ್ತರದಲ್ಲಿದ್ದೀರಿ, ಸಂತೋಷ.

ನನ್ನ ಅಣ್ಣ ನಂಜಪ್ಪನ ಮಗಳು ಪ್ರಮೀಳಾಳಿಗೂ ನನ್ನ ಮಗಳಿಗೂ ಒಂದೇ ಚಪ್ಪರ, ಒಂದೇ ಲಗ್ನ. ಪ್ರಮೀಳಾಳಿಗೆ ಚಿನಕುರಳಿಯ ಲೋಕೇಶ್, ಮನೆಗಳಿಗೆ ಕರೆಂಟು ವೈರು ಎಳೆಯುವ ಕೆಲಸ. ಹೇಮಶ್ರೀಗೆ ಹೊಣಕೆರೆಯ ನಿಂಗರಾಜು, ನಾಗಮಂಗಲದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರು. ವೀಳ್ಯಶಾಸ್ತ್ರ ಆಗಿದೆ, ಇನ್ನೂರು ಜನ ಒಬ್ಬಟ್ಟು ತಿಂದು ಕೈ ಒರೆಸಿಕೊಂಡು ಹೋಗಿದ್ದಾರೆ, ಲಗ್ನಪತ್ರಿಕೆಯನ್ನು ಹಳೆಯ ಅಚ್ಚುಕೂಟಕ್ಕೆ ಹೋಗಿ ನಾನೇ ಕೈಯಾರೆ ಮೊಳೆ ಜೋಡಿಸಿ ಅಚ್ಚು ಹಾಕಿಸಿದ್ದೇನೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ತಮ್ಮ ಪರಿಚಯದ ಭಾಗ್ಯ ನನಗೆ ಲಭಿಸುತ್ತಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವ ಹಾಗೆ, ಪತ್ರಿಕೆ ಇಂಟರ್ನೆಟ್ಟಿನಲ್ಲೂ ಬರಲಿ ಎಂದು ನಿಂಗರಾಜು ಆಸೆಪಟ್ಟ, ನಾನೂ ಹೂಂ ಅಂದೆ. ಕನ್ನಡ ಅಕ್ಷರ ಅಲ್ಲಿ ಒಂದೊಂದು ಕಡೆ ಒಂದೊಂದು ಥರ ಚೆಲ್ಲಾಪಿಲ್ಲಿಯಾಗುತ್ತದೆಂದು ಅವನು ನನ್ನ ಅಚ್ಚನ್ನೇ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿ, ನಾಲ್ಕು ಹೆಸರನ್ನು ನಾಲ್ಕು ಚಿತ್ರ ಮಾಡಿ, ನಾಲ್ಕು ಮನೆಯ ಕೋಷ್ಟಕದಲ್ಲಿ ಕೂರಿಸಿದ. ಮೇಲಿನ ಸಾಲಿನಲ್ಲಿ ಲೋಕೇಶ್, ಪ್ರಮೀಳಾ. ಕೆಳಗಿನ ಸಾಲಿನಲ್ಲಿ ನಿಂಗರಾಜು, ಹೇಮಶ್ರೀ. ತಮ್ಮ ದೃಷ್ಟಿ ಬೀಳುವ ತನಕ ನಾಲ್ವರೂ ಅವರವರ ಜಾಗದಲ್ಲಿ ತಣ್ಣಗಿದ್ದರು.

ತಮ್ಮ ಗಾಜಿನಲ್ಲಿ ಲೋಕೇಶನ ಪಕ್ಕ ಹೇಮಶ್ರೀ ಕೂತಿದ್ದಾಳೆ, ನಿಂಗರಾಜುವಿನ ಪಕ್ಕ ಪ್ರಮೀಳಾ.

ಏನಪ್ಪಾ ಇದು ಎಂದು ನಿಂಗರಾಜುವನ್ನು ಕೇಳಿದೆ. ಇಂಟರ್ನೆಟ್ಟಿನಲ್ಲಿ ಬರುವುದು ಅಚ್ಚಾದ ಪುಟವಲ್ಲವಂತೆ, ಇದನ್ನು ಇಲ್ಲಿಡು ಅದನ್ನು ಅಲ್ಲಿಡು ಎಂಬ ಬರವಣಿಗೆ ಮಾತ್ರವಂತೆ. ಅದನ್ನು ಓದಿಕೊಂಡು ಅವರವರ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು ಬ್ರೌಸರಿನ ಹೊಟ್ಟೆಯಲ್ಲಿರುವ ಇಂಜಿನ್ನಂತೆ. ಹಾಗಾದರೆ ತಾವು ನನ್ನ ಕಸುಬಿನವರೇ ಆದಿರಿ. ಹೇಗೆ ಕಟ್ಟಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮದ ಪುಸ್ತಕವೂ ಉಂಟಂತೆ, ನಿಂಗರಾಜು ಅದರ ಪ್ರಕಾರವೇ ಬರೆದಿದ್ದಾನಂತೆ. ಅವನ ಕ್ಲಾಸಿನ ಒಂದು ಕಂಪ್ಯೂಟರಿನಲ್ಲಿ ಯಾವುದೋ ಮಾಸಪತ್ರಿಕೆಯ ಸಿ.ಡಿ.ಯಲ್ಲಿ ಬಂದ ‘ಲಾಂದ್ರ’ ಎಂಬ ಬೇರೆ ಬ್ರೌಸರ್ ಇದೆ, ಅದಕ್ಕೆ ಅದರದೇ ಬೇರೆ ಇಂಜಿನ್ನು. ಅದರಲ್ಲಿ ನೋಡಿದರೆ ನನ್ನ ಮಗಳು ನಿಂಗರಾಜುವಿನ ಪಕ್ಕದಲ್ಲೇ ಇದ್ದಾಳೆ. ಯಾವ ಹೆಸರು ಯಾವ ಮನೆಯಲ್ಲಿ ಕೂರಬೇಕೆಂಬ ನಿಯಮ ಬಂದಾಗ ತಾವು ಮಾತ್ರ ಅದನ್ನು ಹಾರಿ ಮುಂದಿನ ಮನೆಗೆ ನುಗ್ಗುತ್ತೀರಂತೆ. ಸ್ವತಂತ್ರ ಸ್ವಭಾವದವರೆಂದು ತಿಳಿದು ಹೆಮ್ಮೆಯಾಯಿತು.

ನನ್ನ ಬಾಮೈದ, ಕೆ.ಆರ್. ಪೇಟೆಯ ಕೆಂಪಣ್ಣ, ಯಾವುದನ್ನೂ ಕಣ್ಣಾರೆ ನೋಡದೆ ನಂಬುವವನಲ್ಲ. ಅವನು ಮೂರು ದಿನ ಬಸ್ಸಿನಲ್ಲಿ ಸುತ್ತಿ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ನಾಲ್ಕೂ ಊರಿನ ಇಂಟರ್ನೆಟ್ ಅಂಗಡಿಗಳಲ್ಲಿ ಕೂತು, ನಾಲ್ಕೂ ಕಡೆ ಪತ್ರಿಕೆಯನ್ನು ಕಾಗದಕ್ಕೆ ಇಳಿಸಿಕೊಂಡು ಬಂದು, ನನ್ನ ಜಗಲಿಯ ಮೇಲೆ ಹರಡಿ, “ನಾಕು ತಾಲೂಕ್ನಾಗೂ ಒಂದೇ ತರ ಬಂದದೆ ಕಣ್ ಭಾವ, ನಾಕು ಸಾಕ್ಷಿ ಏಳುದ್ರೆ ಕೋರ್ಟೇ ಒಪ್ಕತದೆ, ನೀನೊಬ್ಬ ಒಪ್ಪಾಕಿಲ್ವಾ?” ಎಂದ. ಸಾಕ್ಷಿ ನಾಲ್ಕಾದರೂ ಬಾಯಿ ಒಂದೇ, ನಾಲ್ಕೂ ಅಂಗಡಿಯಲ್ಲಿ ಕೂತಿರುವವರು ತಾವೇ ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಆರಿತು. ಕೆ.ಆರ್. ಪೇಟೆಯಲ್ಲಿ ‘ನವಿಲು’ ಅಂತ ಬೇರೆಯೇ ಇತ್ತಲ್ಲ ಎಂದು ಅವನು ವಾದಿಸಿದ. ಆ ನವಿಲಿನ ಹೊಟ್ಟೆಯಲ್ಲಿರುವುದೂ ತಮ್ಮ ಇಂಜಿನ್ನೇ, ಮೇಲಿನ ಪುಕ್ಕ ಮಾತ್ರ ಬೇರೆ ಎಂದು ನಿಂಗರಾಜು ಹೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಹೋಟೆಲಿನ ಬೋರ್ಡಿದ್ದು ಹಿಂದೆ ಅಡುಗೆಮನೆ ಒಂದೇ ಆದರೆ, ಸಾಂಬಾರು ಹಳಸಿದ ದಿನ ಎರಡರಲ್ಲೂ ಹಳಸಿರುತ್ತದೆ. ಕೆಂಪಣ್ಣ ಇದನ್ನೂ ಒಪ್ಪಲಿಲ್ಲ, ಅವನು ಎರಡರಲ್ಲೂ ತಿನ್ನುವವನು.

ಆಮೇಲೆ ನಡೆದದ್ದನ್ನು ಮರ್ಯಾದೆಯ ಭಾಷೆಯಲ್ಲಿ ಹೇಳಲು ಕಷ್ಟ. ನಂಟರು ಆ ನಾಲ್ಕು ಹಾಳೆಯನ್ನೂ ನನ್ನ ಲಗ್ನಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು, ತಪ್ಪು ನನ್ನದೆಂದು ತೀರ್ಮಾನ ಮಾಡಿದರು. ವಯಸ್ಸಾಯಿತು, ಕಣ್ಣು ಮಂಜಾಗಿದೆ, ಪಾಪ, ಸ್ವಂತ ಮಗಳ ಹೆಸರನ್ನೇ ಎಲ್ಲೋ ಕೂರಿಸಿದ್ದಾನೆ ಎಂದರು. ಹೊಟ್ಟೆ ಉರಿದುಹೋಯಿತು ಸ್ವಾಮೀ! ವೀಳ್ಯಶಾಸ್ತ್ರದಲ್ಲಿ ಎದುರಿಗೆ ಕೂತು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡವರೇ, ಅವತ್ತು ಕಣ್ಣಾರೆ ಕಂಡ ಜೋಡಿ ಯಾವುದೆಂಬುದನ್ನು ಈಗ ಅಂಗಡಿಗೆ ಹೋಗಿ ನೋಡಿಕೊಂಡು ಬರುತ್ತಿದ್ದಾರೆ.

ನಿಂಗರಾಜುವಿನ ತಾಯಿ ಸಿದ್ದಲಿಂಗಮ್ಮನವರಿಗಂತೂ ತಮ್ಮ ಮೇಲೆ ದೇವರ ಭಕ್ತಿ. “ಮನ್ಸ ಸುಳ್ಳೇಳ್ತಾನೆ, ಮಿಸನ್ಗೇನ್ ಬಂದದೆ ಸುಳ್ಳೇಳಾಕೆ?” ಎಂದು ಹೊಣಕೆರೆಯಿಂದ ಹೇಳಿ ಕಳಿಸಿದ್ದಾರೆ. ಅವರ ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸು ಇವೆ. ಪ್ರಮೀಳಾ ಒಂದೇ ಸಲಕ್ಕೆ ಎರಡು ಹಸು ಕರೆದು ಎದ್ದೇಳುವವಳು, ನನ್ನ ಮಗಳು ಹಸು ತಲೆ ಕೊಡವಿದರೆ ಜಗಲಿ ಹತ್ತುವವಳು. ಇದು ಕಂಪ್ಯೂಟರಿಗೆ ಹೇಗೆ ಗೊತ್ತಾಯಿತೋ ಎಂದು ಅವರು ಕೈಮುಗಿದರಂತೆ. ನಮ್ಮ ಜೋಯಿಸರು ಗಾಜಿನ ಜೋಡಿಗೆ ಜಾತಕ ಕೂಡಿಸಿ ನೋಡಿ, ಮೊದಲಿನದಕ್ಕಿಂತ ಎರಡು ಗುಣ ಜಾಸ್ತಿಯೇ ಬರುತ್ತದೆ ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ಲೋಕೇಶನನ್ನು ಕೇಳಿದರೆ “ಇರೀಕ್ರು ಎಂಗಂದ್ರೆ ಅಂಗೆ” ಎಂದ. ಇಷ್ಟು ವಿಧೇಯತೆಯನ್ನು ನಾನು ಇದುವರೆಗೆ ಅವನ ಸ್ಕ್ರೂ ಡ್ರೈವರಿನಲ್ಲಿ ಮಾತ್ರ ಕಂಡಿದ್ದೆ.

ಹೇಮಶ್ರೀ ಎರಡು ದಿನ ಅನ್ನ ಮುಟ್ಟಲಿಲ್ಲ. ಅವಳಿಗೆ ನಿಂಗರಾಜು ಮನಸ್ಸಿಗೆ ಬಂದಿದ್ದಾನೆ, ಇದನ್ನು ಅಪ್ಪನಾದವನು ಹೊರಗಿನವರಿಗೆ ಬರೆಯಬಾರದು, ಆದರೆ ತಾವು ಬರೆಸುತ್ತಿದ್ದೀರಿ. ಮೂರನೆಯ ದಿನ ಎದ್ದು, “ನನ್ ಗಂಡ ಯಾರು ಅಂತ ನೋಡಕ್ಕೆ ನಾನು ನಾಗಮಂಗಲದ ಬಸ್ಸತ್ತಬೇಕಾ ಅಪ್ಪಾ?” ಎಂದು ಕೇಳಿದಳು. ನಾನು ಬಸ್ ಚಾರ್ಜು ಎಣಿಸಿ ಕೊಟ್ಟೆ. ಬಸ್ಸು ಹತ್ತಿ ಹೋಗಿ, ಲಾಂದ್ರದ ಮುಂದೆ ಹತ್ತು ನಿಮಿಷ ಕೂತು ತನ್ನ ಹೆಸರನ್ನು ಸರಿಯಾದ ಜಾಗದಲ್ಲಿ ನೋಡಿಕೊಂಡು ಬಂದು, ಎರಡು ಮುದ್ದೆ ಉಂಡಳು.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. “ಮಾವ, ಗಾಳಿಪಟದಲ್ಲಿ ಸರಿಯಾಗಿ ಕಾಣ್ಬೇಕು ಅಂದ್ರೆ ನಾನು ತಪ್ಪಾಗಿ ಬರೀಬೇಕು” ಎಂದು ನಿಂಗರಾಜು ತಲೆ ಕೆರೆದುಕೊಂಡ. ಮೂಲದಲ್ಲಿ ಹೇಮಶ್ರೀಯನ್ನು ಲೋಕೇಶನ ಪಕ್ಕ ಬರೆದರೆ, ತಾವು ಅದನ್ನೂ ಅದಲುಬದಲು ಮಾಡಿ ನಿಂಗರಾಜುವಿನ ಪಕ್ಕ ತರುತ್ತೀರಿ, ನಂಟರ ಬಾಯಿ ಮುಚ್ಚುತ್ತದೆ. ಆಗ ಸರಿಯಾಗಿ ಓದುವ ಲಾಂದ್ರ ಮಾತ್ರ ಸುಳ್ಳುಗಾರನಾಗುತ್ತದೆ. ನಾನು ಆಗದು ಎಂದೆ. ಮೊಳೆ ಜೋಡಿಸುವವನು ತಪ್ಪು ಮಾಡುತ್ತಾನೆಂದು ಗೀಚಿಕೊಡುವವರೇ ತಪ್ಪು ಗೀಚಿಕೊಟ್ಟರೆ, ನಾಳೆ ಪುಟ ಬರೆಯುವವರೆಲ್ಲ ಹಾಗೇ ಬರೆದರೆ, ಹತ್ತು ವರ್ಷದಲ್ಲಿ ತಮ್ಮ ತಪ್ಪೇ ವ್ಯಾಕರಣವಾಗಿ ನಿಯಮದ ಪುಸ್ತಕ ಪುರಿ ಕಟ್ಟಲು ಹೋಗುತ್ತದೆ.

ಮಾನ್ಯರೇ, ಅಚ್ಚುಕೂಟದಲ್ಲಿ ನನ್ನ ಪಕ್ಕ ನರಸಯ್ಯ ಎಂಬ ಇನ್ನೊಬ್ಬ ಮೊಳೆ ಜೋಡಿಸುತ್ತಿದ್ದ. ನಮ್ಮಿಬ್ಬರಿಗೂ ಎಣ್ಣೆ ಸೀಗೇಕಾಯಿ. ಅವನ ತಪ್ಪು ಹಿಡಿದರೆ ನನಗೆ ಅಂದು ಯುಗಾದಿ, ನನ್ನದು ಸಿಕ್ಕರೆ ಅವನು ಓಣಿಗೆಲ್ಲ ಕೇಳುವ ಹಾಗೆ ಓದುತ್ತಿದ್ದ. ಆ ಹೊಟ್ಟೆಕಿಚ್ಚಿನ ಪುಣ್ಯದಿಂದ ತಾಲ್ಲೂಕಿನ ಗಂಡುಹೆಣ್ಣುಗಳೆಲ್ಲ ಅವರವರ ಜೋಡಿಯಲ್ಲೇ ಉಳಿದರು. ಆ ತಿಥಿಯ ಕಾರ್ಡು ಹೊರಟದ್ದು ನರಸಯ್ಯ ರಜೆ ಹಾಕಿದ ದಿನ. ತಮ್ಮ ಪಕ್ಕದಲ್ಲಿ ಯಾವ ನರಸಯ್ಯನೂ ಇಲ್ಲ, ಅದೇ ನನ್ನ ದೂರು. ನಮ್ಮ ಜನ ಬದನೆಕಾಯನ್ನೂ ಅಮುಕಿ ನೋಡಿ ಆರಿಸುತ್ತಾರೆ, ಎತ್ತಿನ ಬಾಯಿ ತೆಗೆದು ಹಲ್ಲು ಎಣಿಸುತ್ತಾರೆ. ತಮ್ಮನ್ನು ಮಾತ್ರ ಯಾರೂ ಆರಿಸಲಿಲ್ಲ, ಪೆಟ್ಟಿಗೆಯ ಜೊತೆ ಬಂದಿರಿ, ಬಂದವರು ಕೂತಿರಿ.

ಆದ್ದರಿಂದ ನನ್ನ ವಿನಮ್ರ ಕೋರಿಕೆ ಏನೆಂದರೆ, ತಾವು ಶನಿವಾರದೊಳಗೆ ತಮ್ಮ ಇಂಜಿನ್ನನ್ನು ಕರೆದುಕೊಂಡು ಹೊಣಕೆರೆಗೆ ಬಂದು ಸಿದ್ದಲಿಂಗಮ್ಮನವರ ಮುಂದೆ ತಪ್ಪಾಯಿತೆಂದು ಒಪ್ಪಿಕೊಳ್ಳಬೇಕು. ನಾಗಮಂಗಲದಿಂದ ಬಸ್ಸಿದೆ. ಅದು ಗೌರವಕ್ಕೆ ಕಡಿಮೆ ಎನಿಸಿದರೆ, ಭಾನುವಾರ ಲಗ್ನದ ಆ ಮುಕ್ಕಾಲು ಗಂಟೆ ನಾಲ್ಕು ತಾಲ್ಲೂಕಿನಲ್ಲೂ ಕಣ್ಣು ಮುಚ್ಚಿಕೊಂಡಿರಬೇಕು. ಅದೂ ಸಾಧ್ಯವಿಲ್ಲವಾದರೆ ಪ್ರಮೀಳಾಳ ಬದಲು ಆ ನಾಲ್ಕು ಹಸುಗಳನ್ನು ದಿನಾ ಎರಡು ಹೊತ್ತು ತಾವೇ ಬಂದು ಕರೆಯಬೇಕು. ಮೂರನೆಯ ಹಸು ಒದೆಯುತ್ತದೆ, ಅದನ್ನು ಮುಂಚಿತವಾಗಿ ತಿಳಿಸುವುದು ನನ್ನ ಧರ್ಮ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ, ಬೇರೆ ದಾರಿಯೂ ಕಾಣದ,

ಚಿಕ್ಕಸ್ವಾಮಿ
(ಹೇಮಶ್ರೀಯ ತಂದೆ, ತಮಗೆ ಹೇಗೇ ಕಂಡರೂ)

ವಿ.ಸೂ. (22-11-1999): ತಮ್ಮ ವಿಳಾಸ ಎಲ್ಲೂ ಸಿಗದೆ ಈ ಪತ್ರ ಟ್ರಂಕಿನಲ್ಲೇ ಉಳಿಯಿತು. ಮದುವೆಗೆ ಎರಡು ದಿನವಿದ್ದಾಗ ಮಗಳ ಮುಖ ನೋಡಲಾರದೆ ನಾನು ಸೋತೆ, ತಪ್ಪಾಗಿಯೇ ಬರೆದುಬಿಡಪ್ಪಾ ಎಂದು ನಿಂಗರಾಜುವಿಗೆ ಹೇಳಿದೆ. ಬರೆದ. ತಾವು ಸರಿಯಾಗಿ ತೋರಿಸಿದಿರಿ, ಸಿದ್ದಲಿಂಗಮ್ಮನವರು ನೋಡಿ ಒಪ್ಪಿದರು, ತಾಳಿ ಸರಿಯಾದ ಕತ್ತಿಗೇ ಬಿತ್ತು. ಲಾಂದ್ರ ತಪ್ಪು ತೋರಿಸುತ್ತದೆಂದು ಕ್ಲಾಸಿನ ಯಜಮಾನ ದ್ಯಾವಯ್ಯ ಅದನ್ನು ಅಳಿಸಿ ಹಾಕಿಸಿದರು, ಅದಕ್ಕೆ ಕಾರಣ ನಾನೇ. ಈಗ ತಮ್ಮ ಹೊಸ ಆವೃತ್ತಿ ಬಂದಿದೆಯೆಂದೂ, ತಾವು ಕಡೆಗೂ ನಿಯಮ ಕಲಿತು ಬರೆದದ್ದನ್ನು ಬರೆದ ಹಾಗೇ ತೋರಿಸುತ್ತಿದ್ದೀರೆಂದೂ ತಿಳಿಯಿತು, ಅಭಿನಂದನೆಗಳು. ನಾವು ಬರೆದದ್ದು ತಪ್ಪಾಗಿಯೇ ಆದ್ದರಿಂದ ಹೇಮಶ್ರೀ ಮತ್ತೆ ಲೋಕೇಶನ ಪಕ್ಕ ಕೂತಿದ್ದಾಳೆ. ಪುಟ ತಿದ್ದೋಣವೆಂದರೆ ಅದರ ಗುಪ್ತಪದವನ್ನು ನಿಂಗರಾಜು ಮದುವೆಯ ಗಡಿಬಿಡಿಯಲ್ಲಿ ಮರೆತಿದ್ದಾನೆ, ಮೊದಲಿನ ತಮ್ಮ ಹಾಗೆ ಅದಲುಬದಲು ಮಾಡುವ ಬೇರೆ ಬ್ರೌಸರಿನಲ್ಲಿ ತೋರಿಸೋಣವೆಂದರೆ ನಾಲ್ಕು ತಾಲ್ಲೂಕಿನಲ್ಲಿ ತಮ್ಮನ್ನು ಬಿಟ್ಟು ಇನ್ನೊಬ್ಬರಿಲ್ಲ. ಹೇಮಶ್ರೀಗೆ ಈಗ ಐದು ತಿಂಗಳು ತುಂಬಿದೆ. ನಂಟರು ಮಡಿಲಕ್ಕಿ, ಹಸಿರು ಬಳೆ ಹಿಡಿದುಕೊಂಡು ಬೆಳಿಗ್ಗೆಯಿಂದ ಚಿನಕುರಳಿಯಲ್ಲಿ ಲೋಕೇಶನ ಜಗಲಿಯ ಮೇಲೆ ಕೂತಿದ್ದಾರೆ. ತಮ್ಮ ಮುಂದಿನ ಆವೃತ್ತಿ ಯಾವಾಗ ಎಂಬುದನ್ನು ಹೆರಿಗೆಗೆ ಮುಂಚೆ ತಿಳಿಸಿದರೆ, ಮಗುವಿಗೆ ಅಪ್ಪನ ಹೆಸರು ಏನೆಂದು ಬರೆಸಬೇಕೆಂಬುದನ್ನು ಆಸ್ಪತ್ರೆಯಲ್ಲಿ ಹೇಳಲು ಅನುಕೂಲವಾಗುತ್ತದೆ.