ತಾಯಿ ಕಡೆಯ ಕಾಯಿಲೆ

ರಕ್ತ ಕೊಡಿ ಎಂದು ಮನೆಮನೆಗೆ ಹೋಗುವವರಿಗೆ ನಗುವಂಥದ್ದು ಎದುರಾಗದ ದಿನವೇ ಇರುವುದಿಲ್ಲ. ನಾನು ಕಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿ ಬಹಳ ವರ್ಷ ಸಂಧಿವಾತದಲ್ಲಿ ನರಳಿ ಹೋದವಳು. ಅದೇ ಕಾಯಿಲೆಯ ಸಂಶೋಧನೆಗೆಂದು ಉಡುಪಿ ಕಡೆಯ ಹುಡುಗಿಯೊಬ್ಬಳು ಬಂದಾಗ, ಶನಿವಾರ ಮಧ್ಯಾಹ್ನಗಳಲ್ಲಿ ಅವಳಿಗೆ ಕಾಯಿಲೆಯವರ ಮನೆ ತೋರಿಸಲು ಹೊರಟೆ.

ನಮ್ಮ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಎಂಬ ಕಣಗಳಿವೆ; ತಿಂದದ್ದನ್ನು ಶಕ್ತಿಯಾಗಿಸುವುದು ಅವುಗಳ ಕೆಲಸ. ಅವುಗಳ ಡಿಎನ್‌ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಅದರಲ್ಲಿನ ಸಣ್ಣ ವ್ಯತ್ಯಾಸಗಳಿಂದ ಕೆಲವರ ಕೀಲುಗಳು ಬೇಗ ಊದಿಕೊಳ್ಳುತ್ತವೆಯೇ ಎಂಬುದು ಅವಳ ಹುಡುಕಾಟ.

ಯಗಟಿಯ ಗಂಡ

ಯಗಟಿಯ ಹೆಂಗಸೊಬ್ಬಳಿಗೆ ಬೆಳಿಗ್ಗೆ ಬೆರಳು ಮಡಚಲಾಗದು, ಮುದ್ದೆ ಕಟ್ಟಲಾಗದು. ಅವಳು ಕೇಳಿದ್ದು ಒಂದೇ: "ಮಗಳಿಗೂ ಬರುತ್ತಾ ಮೇಷ್ಟ್ರೇ, ನನ್ನಿಂದ?"

ಜಗಲಿಯಿಂದ ಗಂಡ ಉತ್ತರ ಕೊಟ್ಟ. "ಬರ್ದೆ ಇರುತ್ತಾ? ಇವಳ ತಾಯಿ ಕಡೆ ಕಾಯ್ಲೆ ಕಣ್ರೀ ಇದು. ಮದ್ವೆಯಾದಾಗಿಂದ ಹೇಳ್ತಾನೇ ಇದೀನಿ."

ಹೋಲಿಸಿ ನೋಡಲು ಆರೋಗ್ಯವಂತರೊಬ್ಬರ ರಕ್ತವೂ ಬೇಕಿತ್ತು. ಗಂಡನಾದರೆ ಮನೆ ಒಂದೇ, ಊಟ ಒಂದೇ, ತಾಯಿಯ ವಂಶ ಮಾತ್ರ ಬೇರೆ ಎಂಬುದು ಹುಡುಗಿಯ ಲೆಕ್ಕ. ಸೂಜಿ ಕಂಡದ್ದೇ ಅವನು ಹೆಂಚು ಹಾರಿಹೋಗುವಂತೆ ಕೂಗಿಕೊಂಡ.

"ಕುರಿಗಳಿಗೆಲ್ಲ ಇವರೇ ಸೂಜಿ ಹಾಕೋದು," ಎಂದಳು ಹೆಂಡತಿ. "ಒಂದು ಕುರೀನೂ ಹಿಂಗೆ ಕೂಗಿಲ್ಲ."

ತರೀಕೆರೆಯ ಯಜಮಾನರು

ತರೀಕೆರೆಯ ಅಂಗಡಿ ಯಜಮಾನರು ತಂದೆ, ತಾತ, ಮುತ್ತಾತ ಎಂದು ಉಸಿರು ಬಿಡದೆ ಹೇಳಿದರು. ಹುಡುಗಿ ಅವರ ತಾಯಿಯ ತಾಯಿಯ ಹೆಸರು ಕೇಳಿದಳು.

"ಅಜ್ಜಿ ಅಂತಿದ್ವಿ."

"ಹೆಸರು?"

"ಅಜ್ಜೀನ ಹೆಸರು ಹಿಡಿದು ಕರೆಯೋಕಾಗುತ್ತೇನಮ್ಮ?"

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಅಂಗಡಿ ಬೋರ್ಡ್ ಮೇಲೆ ಅವರ ಹೆಸರೇ ಬರೆಸಿದೀರಲ್ಲ, ಹೋಗಿ ಓದ್ಕೊಂಡು ಬನ್ನಿ."

ಅಜ್ಜಂಪುರದ ಅತ್ತೆ

ಇಲ್ಲಿ ಕಾಯಿಲೆ ಸೊಸೆಗೆ. ತೋಳು ಚಾಚಿ ಕೂತದ್ದು ಅತ್ತೆ. ಬೇಕಿರುವುದು ಸೊಸೆಯ ತಾಯಿಯ ರಕ್ತ ಎಂದಾಗ ಅತ್ತೆಯ ಮುಖ ಕೆಂಪಾಯಿತು. "ಇವಳನ್ನ ಇಷ್ಟು ವರ್ಷ ನೋಡ್ಕೊಂಡೋಳು ನಾನು. ಲೆಕ್ಕಕ್ಕೆ ಆ ಬೀಗಿತ್ತೀನಾ?"

ಹುಡುಗಿ ಬೇಸರಿಸಲಿಲ್ಲ. ಪಕ್ಕದಲ್ಲಿ ಕೂತು ಅವರ ಬಿ.ಪಿ. ನೋಡಿದಳು. ಅಷ್ಟು ತಾಳ್ಮೆ ನನಗೆ ತರಗತಿಯಲ್ಲೂ ಬಂದಿಲ್ಲ. ಅತ್ತೆ ಸಮಾಧಾನವಾಗಿ ಪಿಸುಗುಟ್ಟಿದರು: "ಬೀಗಿತ್ತಿಗೆ ಮಾತ್ರ ಇದನ್ನ ನೋಡ್ಬೇಡ."

ಮತ್ತೆ ಯಗಟಿಗೆ

ಒಂದು ದಿನ ಹುಡುಗಿ ಅಳುದನಿಯಲ್ಲಿ ಫೋನ್ ಮಾಡಿದಳು. "ಸರ್, ಯಗಟಿಯ ಗಂಡ ಹೆಂಡತಿ ಇಬ್ಬರ ಮೈಟೋಕಾಂಡ್ರಿಯಾದ ಡಿಎನ್‌ಎ ಒಂದೇ ಉಂಟು. ನಾನೇ ಒಬ್ಬರ ರಕ್ತವನ್ನೇ ಎರಡೂ ಟ್ಯೂಬಿಗೆ ಹಾಕಿರಬೇಕು."

ಮತ್ತೆ ಹೋಗಿ ರಕ್ತ ತಂದೆವು. ಗಂಡ ಮತ್ತೆ ಕೂಗಿಕೊಂಡ. ಫಲಿತಾಂಶ ಮತ್ತೆ ಒಂದೇ. ತಪ್ಪು ಎಲ್ಲಾಯಿತೆಂದು ತಿಳಿಯದೆ ಬಿಡುವವಳಲ್ಲ ಅವಳು. ಮೂರನೆಯ ಸಲ ಬರಿಗೈಯಲ್ಲಿ ಹೋಗಿ ಕೇಳಿದಳು: "ಮದುವೆಗೆ ಮೊದಲೇ ನೀವು ಸಂಬಂಧಿಕರಾ?"

"ಇದೇನಮ್ಮ ಹಿಂಗ್ ಕೇಳ್ತೀಯ?" ಎಂದ ಗಂಡ. "ಇವಳು ನಮ್ಮಕ್ಕನ ಮಗಳು!"

ಹುಡುಗಿ ಬಾಯಿ ತೆರೆದು ಕೂತಳು. "ನಮ್ಮ ಮನೆಗಳಲ್ಲಿ ಸೋದರಮಾವನನ್ನು ಮದುವೆಯಾಗುವ ಮಾತೇ ಇಲ್ಲ ಮಾರಾಯ್ರೆ!" ಅವಳಿಗೆ ಕೇಳಬೇಕೆಂದು ಹೊಳೆದಿರಲಿಲ್ಲ, ನಮ್ಮ ಕಡೆ ಇದು ಹೇಳಬೇಕಾದ ಸಂಗತಿಯೇ ಅಲ್ಲ. ಅವನ ತಾಯಿಯೇ ಇವಳ ತಾಯಿಯ ತಾಯಿ. ಆಕೆಯ ಕಣಗಳೇ ಮಗನಿಗೂ ಬಂದಿವೆ, ಮಗಳ ಮೂಲಕ ಮೊಮ್ಮಗಳಿಗೂ ಬಂದಿವೆ.

ಹೆಂಗಸು ನಿಧಾನವಾಗಿ ಕೇಳಿದಳು: "ಹಂಗಾದ್ರೆ ನನ್ನೊಳಗಿರೋದೇ ಇವರೊಳಗೂ ಇದೆಯಾ? ಇವರು ಇವತ್ತಿಗೂ ತೆಂಗಿನ ಮರ ಹತ್ತುತಾರಲ್ಲಮ್ಮ!"

"ಅದೇ ನೋಡಿ," ಎಂದಳು ಹುಡುಗಿ. "ಅದೊಂದು ಇದ್ದ ಮಾತ್ರಕ್ಕೆ ಕಾಯಿಲೆ ಬರಬೇಕೆಂದಿಲ್ಲ. ನಿಮ್ಮ ಮಗಳಿಗೂ ಬಂದೇ ಬರುತ್ತದೆ ಎಂದು ಯಾರೂ ಹೇಳಲಾರರು."

ಊದಿದ ಆ ಬೆರಳುಗಳು ಹುಡುಗಿಯ ಕೈ ಹಿಡಿದುಕೊಂಡವು. ನನ್ನ ಹೆಂಡತಿಗೂ ಯಾರಾದರೂ ಇದನ್ನು ಇಷ್ಟು ನೇರವಾಗಿ ಹೇಳಿದ್ದರೆ ಅವಳೂ ಒಂದಿಷ್ಟು ನೆಮ್ಮದಿಯಾಗಿ ಇರುತ್ತಿದ್ದಳು.

ಆಮೇಲೆ ಹೆಂಗಸು ಗಂಡನ ಕಡೆ ತಿರುಗಿದಳು. "ಕೇಳಿಸ್ತಾ? ಮದ್ವೆಯಾದಾಗಿಂದ ನನ್ನ ತಾಯಿ ಕಡೆಯೋರು ಅಂತ ಬೈದ್ರಲ್ಲ, ಅದು ಯಾರು ಅಂತ ಈಗಲಾದ್ರೂ ಗೊತ್ತಾಯ್ತಾ?"

ಗಂಡ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಜಗಲಿ ಇಳಿಯುತ್ತಾ ಹೇಳಿದ:

"ಹಂಗಾದ್ರೆ ಇದು ನಿಮ್ಮಪ್ಪನ ಕಡೆದೇ ಇರ್ಬೇಕು ಕಣೇ."