ಬೇಡ ಎನ್ನುವ ತಲೆ

ನನ್ನ ತಲೆ ನನ್ನದೇ ಎಂದು ಈಚಿನವರೆಗೂ ನಂಬಿದ್ದೆ. ಕಳೆದ ವರ್ಷ ಅದು ನನ್ನನ್ನು ಕೇಳದೆಯೇ ‘ಬೇಡ, ಬೇಡ’ ಎಂದು ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡತೊಡಗಿತು. ಹೋಟೆಲಿನವನು ಇನ್ನೊಂದು ಇಡ್ಲಿ ಹಾಕಲು ಬಂದವನು ನನ್ನ ತಲೆ ನೋಡಿ ವಾಪಸು ಹೋದ. ಹೊಟ್ಟೆ ಇನ್ನೂ ಹಸಿದೇ ಇತ್ತು.

ಹೆಂಡತಿಯ ಕಾಟಕ್ಕೆ ದುರ್ಗದ ನರರೋಗದ ಡಾಕ್ಟರ ಬಳಿ ಹೋದೆ. ಅವರು ಮಲಗಿಸಿದರು. ದಿಂಬಿಗೆ ತಲೆಯಿಟ್ಟೊಡನೆ ಆಟ ಬಂದ್! ತಲೆಯ ಹಿಂಭಾಗದಲ್ಲಿ ಕಿರುಮೆದುಳು ಅಂತ ಒಂದಿದೆಯಂತೆ. ಕತ್ತು ಚೂರು ಅತ್ತ ವಾಲಿದರೆ ಇತ್ತ ಎಳೆ ಎಂದು ಸ್ನಾಯುಗಳನ್ನು ಅದು ಕ್ಷಣಕ್ಷಣವೂ ತಿದ್ದುತ್ತಿರುತ್ತದಂತೆ. ಆ ನರಗಳ ಜಾಲದಲ್ಲಿ ತಾಳ ತಪ್ಪಿದರೆ ಹೀಗೆ ನಡುಕ, ಗಾಬರಿಯಾದರೆ ಇನ್ನೂ ಜಾಸ್ತಿ, ಪ್ರಾಣಕ್ಕೇನೂ ಅಪಾಯವಿಲ್ಲ ಎಂದರು. ನಾನು ಬೆರಗಾಗಿ ಕುಳಿತೆ. ಹುಟ್ಟಿದಾಗಿನಿಂದ ಯಾರೋ ಒಳಗೆ ಕುಳಿತು ನನ್ನ ತಲೆಯನ್ನು ನೆಟ್ಟಗೆ ಹಿಡಿದಿದ್ದರು. ನಾನೋ, ಅದೂ ನನ್ನದೇ ಗತ್ತು ಎಂದುಕೊಂಡಿದ್ದೆ.

ಅಷ್ಟರಲ್ಲೇ ಬಬ್ಬೂರಿನಲ್ಲಿರುವ ಅಕ್ಕನ ಮಗಳು ಸುಧಾಳಿಗೆ ಐಮಂಗಲದ ಸಂಬಂಧ ಕೂಡಿಬಂತು. ಅವಳೇ ಮೆಚ್ಚಿದ ಹುಡುಗ. ನಮ್ಮಲ್ಲಿ ಸೋದರಮಾವ ಒಪ್ಪದೆ ತಾಂಬೂಲ ಬದಲಾಗುವುದಿಲ್ಲ. ಕಾಯಿಲೆಯ ಸುದ್ದಿ ಮಾತ್ರ ಎತ್ತಬೇಡ, ಮನೆತನಕ್ಕೇ ರೋಗ ಅಂದಾರು ಎಂದು ಅಕ್ಕ ಆಣೆ ಮಾಡಿಸಿಕೊಂಡಿದ್ದಳು.

“ಮಾವನೋರೇ, ನಿಮ್ ಮಾತೊಂದು ಬಾಕಿ ಐತೆ. ಒಪ್ಪಿಗೇನಾ?” ಎಂದು ತಾಂಬೂಲದ ದಿನ ಅಕ್ಕನ ಮನೆಯಲ್ಲಿ ಹುಡುಗನ ತಂದೆ ಕೇಳಿದರು.

ಬಾಯಿ ‘ಒಪ್ಪಿಗೆ’ ಎಂದಿತು, ತಲೆ ಬಿಲ್ಕುಲ್ ಬೇಡ ಎಂದಿತು. ಅವರು ತಾಂಬೂಲದ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಸುಧಾಳ ಕಣ್ಣು ತುಂಬಿತು. ಅದನ್ನು ನೋಡಿ ನನಗೆ ಗಾಬರಿ, ಗಾಬರಿಗೆ ತಲೆ ಇನ್ನೂ ಜೋರು. ನನ್ನ ಕತ್ತನ್ನು ನಾನೇ ಹಿಸುಕಬೇಕು ಅನ್ನಿಸಿತು.

ಗೋಡೆಗೊರಗಿದ್ದ ಹುಡುಗನ ಅಜ್ಜಿ ಆಗ ಮುಂದಕ್ಕೆ ಸರಿದು ಕೂತರು. ಅವರ ತಲೆ ಮೇಲಕ್ಕೂ ಕೆಳಕ್ಕೂ ‘ಹೂಂ, ಹೂಂ’ ಎನ್ನತೊಡಗಿತು.

“ನಂಗೂ ಇದೇ ಐತಪ್ಪ. ಇಲ್ಲಿ ಬಂದು ಗ್ವಾಡೆಗೆ ತಲೆ ಆನಿಸ್ಕಂಡು ಹೇಳು.”

ಆನಿಸಿದೆ. ತಲೆ ನಿಂತಿತು. “ಒಪ್ಪಿಗೆ” ಎಂದೆ. ತಟ್ಟೆ ಮುಂದಕ್ಕೆ ಬಂತು, ಸುಧಾ ನಕ್ಕಳು. ಅಜ್ಜಿ ಮಗನ ಕಡೆ ತಿರುಗಿ, “ನೀವು ಕೇಳಿದ್ಕೆಲ್ಲ ನಾನು ಹೂಂ ಅಂದೀನಿ ಅನ್ಕಂಡಿದೀರ. ಅರ್ಧಕ್ಕೂ ಒಪ್ಪಿಲ್ಲ ಕಣಪ್ಪ” ಎಂದರು. ಆ ಮಗನ ಮುಖ ನೋಡಬೇಕಿತ್ತು.

ಮದುವೆ ಚೆನ್ನಾಗಿ ಆಯಿತು. ಈಗ ನನ್ನ ಕಿರುಮೆದುಳಿನ ವಿಷಯ ನೆಂಟರಿಗೆಲ್ಲ ಗೊತ್ತು. ಮೊನ್ನೆ ಹೆಂಡತಿ ನನಗೆ ಸೇರದ ಹಾಗಲಕಾಯಿ ಪಲ್ಯ ತಂದಳು. ಈ ಸಲ ಮನಸಾರೆ, ನಾನೇ ತಲೆಯಾಡಿಸಿದೆ.

“ಪಾಪ, ನಿಮ್ ತಲೆ ಹಂಗೇ ಅಲ್ವೇನ್ರಿ” ಎಂದು ತಟ್ಟೆ ತುಂಬ ಬಡಿಸಿದಳು.